ಅಕ್ಕನ ಕೈ

ಪೇಂಟರನಿಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ಒಂದೇ ಥರದ ಶುಚಿ. ಕಣ್ಣಿಗೆ ಕೊಳೆ ಕಂಡರೆ ಕೊಳಕು, ಕಾಣದಿದ್ದರೆ ಶುಚಿ. ಅಷ್ಟರ ಮೇಲೆ ಅವನು ತಲೆ ಕೆಡಿಸಿಕೊಂಡವನೇ ಅಲ್ಲ. ಹೆಂಡತಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆದೊಯ್ಯುವ ದಿನ ವಾರ್ಡಿನ ಹಿರಿಯ ನರ್ಸಮ್ಮ ಅವನನ್ನು ಪಕ್ಕದ ಕೋಣೆಗೆ ಕರೆದು ಎದುರಿಗೆ ಕೂರಿಸಿಕೊಂಡಳು.

"ನೋಡಪ್ಪ, ತೊಳೆಯೋದು ಬೇರೆ, ಸ್ಯಾನಿಟೈಸ್ ಮಾಡೋದು ಬೇರೆ, ಡಿಸಿನ್‌ಫೆಕ್ಟ್ ಮಾಡೋದು ಬೇರೆ. ಮನೆಗೆ ಹೋಗಿ ಮೂರನ್ನೂ ಕಲಸುಮೇಲೋಗರ ಮಾಡ್ಕೋಬೇಡ."

ಹೆಂಡತಿಗೆ ಬಂದಿದ್ದು ರಕ್ತದ ಕ್ಯಾನ್ಸರ್. ಅದನ್ನು ಕೊಲ್ಲಲು ಕೊಟ್ಟ ಔಷಧಿ, ಮೈ ಕಾಯುವ ಬಿಳಿ ರಕ್ತಕಣಗಳನ್ನೂ ಅದರ ಜೊತೆಗೇ ಗುಡಿಸಿ ಹಾಕಿತ್ತು. ಅವು ಮತ್ತೆ ಹುಟ್ಟಿ ಬೆಳೆಯುವ ತನಕ ಅವಳ ಮೈ ಬಾಗಿಲು ಕಿತ್ತ ಮನೆಯ ಹಾಗೆ. ಯಾರು ಬೇಕಾದರೂ ನುಗ್ಗಬಹುದು. ಬೇರೆಯವರಿಗೆ ಒಂದು ಸೀನಿನಲ್ಲಿ ಮುಗಿಯುವ ಸಣ್ಣ ಸೋಂಕು ಅವಳ ಜೀವ ತೆಗೆಯಬಹುದು.

ಮೇಜಿನ ಮೇಲೆ ಯಾರೋ ಊಟ ಮಾಡಿಟ್ಟ ಸ್ಟೀಲಿನ ತಟ್ಟೆಯೊಂದಿತ್ತು. ನರ್ಸಮ್ಮ ಅದನ್ನೇ ತೋರಿಸಿದಳು. "ಇದನ್ನ ಸೋಪು ನೀರು ಹಾಕಿ ಉಜ್ಜಿದ್ರೆ ಜಿಡ್ಡು ಹೋಗುತ್ತೆ. ಜಿಡ್ಡಿಗೆ ಅಂಟ್ಕೊಂಡಿರೋ ಕ್ರಿಮಿಗಳೂ ಬಹುಪಾಲು ಅದರ ಜೊತೆ ಕೊಚ್ಚಿಕೊಂಡು ಹೋಗುತ್ವೆ. ಸಾಯಲ್ಲ, ಹೋಗುತ್ವೆ. ಅದು ತೊಳೆಯೋದು. ಆಮೇಲೆ ಉಳಿದದ್ದನ್ನ ಬಾಯಿಗೆ ಹೋದ್ರೂ ತೊಂದರೆ ಆಗದಷ್ಟಕ್ಕೆ ಇಳಿಸಿದ್ರೆ ಅದು ಸ್ಯಾನಿಟೈಸ್. ತಟ್ಟೆ, ಚಮಚ, ತರಕಾರಿ ಹೆಚ್ಚೋ ಮಣೆ, ಇವಕ್ಕೆ ಅಷ್ಟು ಸಾಕು. ಇನ್ನು ಡಿಸಿನ್‌ಫೆಕ್ಟ್ ಅಂದ್ರೆ ಸಾಯಿಸೋದು. ಬಾಗಿಲ ಹಿಡಿ, ಸ್ವಿಚ್ಚು, ನಲ್ಲಿ, ಬಚ್ಚಲು. ಔಷಧಿ ನೀರು ಹಚ್ಚಿ ತಕ್ಷಣ ಒರೆಸಿಬಿಟ್ರೆ ಏನೂ ಸಾಯಲ್ಲ. ಬಾಟಲಿ ಮೇಲೆ ಬರೆದಿರೋಷ್ಟು ಹೊತ್ತು ಆ ಜಾಗ ಒದ್ದೆಯಾಗೇ ಇರಬೇಕು. ಕೊಳೆ ಮೇಲೆ ಹಚ್ಚಿದ್ರೂ ದಂಡ. ಔಷಧಿ ಎಲ್ಲಾ ಕೊಳೆಗೇ ಹೋಗುತ್ತೆ, ಕ್ರಿಮಿ ಕೆಳಗೆ ಹಾಯಾಗಿರುತ್ತೆ."

"ಗೋಡೆ ಉಜ್ಜದೆ ಬಣ್ಣ ಹೊಡೆದ ಹಾಗೆ," ಎಂದ ಪೇಂಟರ್. "ಧೂಳಿನ ಮೇಲೆ ಹಚ್ಚಿದ್ರೆ ಮಾರನೇ ವರ್ಷ ಪದರ ಪದರ ಎದ್ದು ಬರುತ್ತೆ."

"ಹಾಗೇ ಅಂದ್ಕೋ." ನರ್ಸಮ್ಮನಿಗೆ ಖುಷಿಯಾಯಿತು. "ಆದ್ರೆ ಇಡೀ ಮನೇನ ಆಸ್ಪತ್ರೆ ಮಾಡೋಕೆ ಹೋಗಬೇಡ. ಎಲ್ಲಕ್ಕಿಂತ ದೊಡ್ಡದು ಕೈ. ಬಂದೋರು ಕೈ ತೊಳೀಲಿ. ನೆಗಡಿ, ಕೆಮ್ಮು ಇಲ್ಲದೋರು ಪಕ್ಕದಲ್ಲಿ ಕೂತ್ಕೊಂಡು ಮಾತಾಡಲಿ, ನಗಿಸಲಿ. ಅವಳಿಗೆ ಅದೂ ಬೇಕು."

ಪೇಂಟರ್ ತಲೆಯಾಡಿಸಿದ. ಆದರೆ ಅವನ ಮನಸ್ಸು ಆಗಲೇ ಮನೆ ಸೇರಿ ಸ್ವಿಚ್ಚುಗಳನ್ನು ಎಣಿಸುತ್ತಿತ್ತು. ಆ ಕೊನೆಯ ಮಾತು ಕಿವಿಗೆ ಬಿತ್ತೇ ಹೊರತು ತಲೆಗೆ ಇಳಿಯಲಿಲ್ಲ.

ಹೆಂಡತಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಮಾತಿನಮಲ್ಲಿ ಎಂದು. ಬರುಬರುತ್ತಾ ಅದು ಬರೀ ಮಲ್ಲಿಯಾಯಿತು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸವಾಗಿತ್ತು. ದಿನವಿಡೀ ಊರಿಗೆಲ್ಲ ಕೇಳುವಂತೆ ಕೂಗಿ ಬಂದವಳು ಮನೆಯಲ್ಲಾದರೂ ಗಂಟಲಿಗೆ ರಜೆ ಕೊಡಬಾರದೇ? ಇಲ್ಲ. ಒಲೆ ಮುಂದೆ, ಬಚ್ಚಲಲ್ಲಿ, ದಿಂಬಿಗೆ ತಲೆ ಕೊಟ್ಟ ಮೇಲೂ ಮಾತು. ಪೇಂಟರನದ್ದು ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಬಾಯಿ. "ನಿಮ್ಮ ಪಾಲಿನದ್ದನ್ನೂ ನಾನೇ ಆಡ್ತೀನಿ ಬಿಡಿ," ಎನ್ನುತ್ತಿದ್ದಳು. ಮಕ್ಕಳಿರಲಿಲ್ಲ. ಮನೆ ತುಂಬಿಕೊಂಡಿದ್ದದ್ದು ಅವಳ ಮಾತಿನಿಂದಲೇ.

ಈಗ ಬಾಯೊಳಗೆಲ್ಲ ಹುಣ್ಣು. ಆದರೂ ಮಲಗಿದಲ್ಲಿಂದಲೇ ಮೆಲ್ಲಗೆ ಏನಾದರೊಂದು ಹೇಳುತ್ತಿದ್ದಳು. ಕಷ್ಟವೆಂದರೆ ಕೇಳಿಸಿಕೊಳ್ಳಲು ಪೇಂಟರನಿಗೆ ಪುರುಸೊತ್ತಿರಲಿಲ್ಲ. ಬೆಳಗೆದ್ದರೆ ಬಕೆಟ್ಟು, ಬ್ರಷ್ಷು, ಬಾಟಲಿ. ಹಿಡಿಗಳಿಗೆ ಔಷಧಿ ನೀರು ಹಚ್ಚಿ, ಒದ್ದೆ ಆರದಂತೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ. ಗೋಡೆಗೆ ಮೊದಲ ಕೋಟು ಹಚ್ಚಿ ಒಣಗಲೆಂದು ಕಾದವನಿಗೆ ಕಾಯುವುದು ಹೊಸದಲ್ಲ, ಒಣಗಬಾರದೆಂದು ಕಾಯುವುದಷ್ಟೇ ಹೊಸದು. ಕಿಟಕಿ ಸರಳು, ಮಂಚದ ಕಾಲು, ಅವಳು ಮುಟ್ಟುವ ಜಾಗ, ಮುಟ್ಟದ ಜಾಗ, ಒಂದನ್ನೂ ಬಿಡಲಿಲ್ಲ. ಬ್ಲೀಚಿನ ಘಾಟಿಗೆ ಅವಳು ಕೆಮ್ಮಿದರೆ ಕಿಟಕಿ ತೆಗೆಯುತ್ತಿದ್ದ. ಕಿಟಕಿ ತೆಗೆದರೆ ಧೂಳು ಬರುತ್ತದೆಂದು ಮತ್ತೆ ಮುಚ್ಚುತ್ತಿದ್ದ. ನೆರೆಮನೆಯವರು ನೋಡಲು ಬಂದರೆ ಹೊಸ್ತಿಲಲ್ಲೇ ತಡೆದು ಕಳಿಸುತ್ತಿದ್ದ.

"ರೀ, ಸ್ವಲ್ಪ ಕೂತ್ಕೊಳ್ಳಿ ಇಲ್ಲಿ," ಎಂದಳು ಒಂದು ದಿನ.

"ಕೂತ್ಕೋತೀನಿ. ಇದೊಂದು ಒರೆಸಿಬಿಡ್ತೀನಿ."

ಅದೊಂದು ಮುಗಿಯುವ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತ್ತು.

ಇಂಥ ಹೊತ್ತಿನಲ್ಲಿ ಅಕ್ಕ ಬಂದಳು.

ಅಕ್ಕ ಎಂದರೆ ಪೇಂಟರನನ್ನು ಸಾಕಿದವಳು. ಅವನು ಅಂಬೆಗಾಲಿಡುವಾಗಲೇ ತಾಯಿ ತೀರಿಕೊಂಡಿದ್ದಳು. ತಾನೇ ಇನ್ನೂ ಆಡಿಕೊಂಡಿರಬೇಕಾದ ವಯಸ್ಸಿನಲ್ಲಿ ಅಕ್ಕ ಅವನನ್ನು ಸೊಂಟಕ್ಕೇರಿಸಿಕೊಂಡವಳು ಇಳಿಸಿದ್ದು ಅವನ ಮದುವೆಯ ದಿನ ಎಂದು ನೆಂಟರು ತಮಾಷೆ ಮಾಡುತ್ತಿದ್ದರು. ತಮ್ಮನನ್ನು ಸಾಕುವ ಭರದಲ್ಲಿ ತಾನು ಮದುವೆಯಾಗುವುದು ಮರೆತೇ ಹೋಯಿತು ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಇನ್ನೊಂದು ಊರಿನಲ್ಲಿ ಬೇಕರಿಯೊಂದರಲ್ಲಿ ಹಿಟ್ಟು ನಾದುವ ಕೆಲಸ ಅವಳದು. ಅಗಲವಾದ ಅಂಗೈ, ದಪ್ಪ ಬೆರಳು. ಆ ಬೇಕರಿಯಲ್ಲಿ ಹಿಟ್ಟು ಕಲಸುವ ಯಂತ್ರ ತಂದ ಮೇಲೂ ಯಜಮಾನ ಅವಳನ್ನು ಬಿಟ್ಟಿರಲಿಲ್ಲ. ಯಂತ್ರಕ್ಕೆ ಹಿಟ್ಟಿನ ಹದ ಕೈಗೆ ಹತ್ತಿದ ಹಾಗೆ ಹತ್ತುವುದಿಲ್ಲ ಎನ್ನುತ್ತಿದ್ದನಂತೆ.

ಬಾಗಿಲಲ್ಲೇ ಪೇಂಟರ್ ಅವಳ ಕೈಗೆ ಸೋಪು ಕೊಟ್ಟ. ಅವಳು ಮೊಣಕೈಯವರೆಗೂ ಉಜ್ಜಿ ತೊಳೆದು, "ಪರೀಕ್ಷೆ ಪಾಸಾ ಮರಿ?" ಎಂದು ಎರಡೂ ಕೈ ಮುಂದೆ ಚಾಚಿದಳು. ಒಳಗಿಂದ ಮಲ್ಲಿ ನಕ್ಕದ್ದು ಕೇಳಿಸಿತು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಸದ್ದು ಮಾಡಿ ನಕ್ಕದ್ದು ಅದೇ ಮೊದಲು.

ಅಕ್ಕ ಬಂದ ಮೇಲೆ ಮಲ್ಲಿಗೆ ಜೀವ ಬಂದ ಹಾಗಾಯಿತು. ಅತ್ತಿಗೆ ಪಕ್ಕದಲ್ಲಿ ಕೂತರೆ ಸಾಕು, ಬಾಯಿಯ ಹುಣ್ಣನ್ನೂ ಮರೆತು ಮಾತಿಗಿಳಿಯುತ್ತಿದ್ದಳು. ಬೇಕರಿಯ ಯಜಮಾನ ತನ್ನ ಬೋಳು ತಲೆಗೆ ಯಾವುದೋ ಎಣ್ಣೆ ಹಚ್ಚಿ, ನೊಣಗಳ ಕಾಟ ತಡೆಯಲಾರದೆ ಹಿಟ್ಟಿನ ಕೋಣೆಯಲ್ಲಿ ಅಡಗಿ ಕೂತ ಕತೆಯನ್ನು ಅಕ್ಕ ಹೇಳಿದರೆ, ಮಲ್ಲಿ ತನ್ನ ಬೋಳು ತಲೆ ಸವರಿಕೊಂಡು, "ಆ ಎಣ್ಣೆ ಯಾವುದು ಕೇಳ್ಕೊಂಡು ಬನ್ನಿ ಅತ್ತಿಗೆ, ನನಗೂ ಒಂದು ಬಾಟಲಿ ಇರಲಿ," ಎನ್ನುತ್ತಿದ್ದಳು. ಗಂಜಿ ಒಂದು ಬಟ್ಟಲು ಹೆಚ್ಚು ಇಳಿಯಿತು. ಪೇಂಟರನೂ ಸಣ್ಣಪುಟ್ಟ ಕೆಲಸಕ್ಕೆ ಹೊರಗೆ ಹೋಗಿ ಬರುವಂತಾಯಿತು.

ಆದರೆ ಅಕ್ಕನ ಶುಚಿಯೇ ಬೇರೆ, ಅವನ ಶುಚಿಯೇ ಬೇರೆ. ಅಕ್ಕನಿಗೆ ಎಲ್ಲವೂ ಫಳಫಳ ಹೊಳೆಯಬೇಕು. ಹೆಗಲ ಮೇಲೆ ಸದಾ ಒಂದು ಹಳೆಯ ಬಟ್ಟೆ. ಅದರಲ್ಲೇ ಒಲೆಯ ಕಟ್ಟೆ, ಅದರಲ್ಲೇ ಲೋಟ, ಅದರಲ್ಲೇ ಮಲ್ಲಿಯ ಮಂಚದ ಪಕ್ಕದ ಮೇಜು. ಅವನು ಬಾಗಿಲ ಹಿಡಿಗೆ ಔಷಧಿ ನೀರು ಹಚ್ಚಿ ಅತ್ತ ತಿರುಗಿದ್ದೇ ತಡ, ಹಿಂದಿನಿಂದ ಬಂದು ಒಣಗಿಸಿಬಿಡುತ್ತಿದ್ದಳು.

"ಅಕ್ಕ, ಒದ್ದೆ ಇರಬೇಕು ಅಂತ ಹೇಳಿದ್ನಲ್ಲ."

"ಒದ್ದೆ ಬಿಟ್ರೆ ಕಲೆ ಕೂರುತ್ತೆ ಕಣೋ."

"ಕಲೆ ಕೂತ್ರೆ ಕೂರಲಿ. ಅಷ್ಟು ಹೊತ್ತು ಇದ್ರೇನೇ ಕ್ರಿಮಿ ಸಾಯೋದು."

"ಆಯ್ತು ಮಾರಾಯ, ಮುಟ್ಟಲ್ಲ." ಅಂದವಳು ಮರುದಿನ ಮತ್ತೆ ಅದನ್ನೇ ಮಾಡುತ್ತಿದ್ದಳು. ಬೇಕೆಂದು ಮಾಡುತ್ತಿರಲಿಲ್ಲ. ಇಷ್ಟು ವರ್ಷದ ಕೈ, ಒದ್ದೆ ಕಂಡರೆ ತಾನಾಗಿಯೇ ಮುಂದೆ ಹೋಗುತ್ತಿತ್ತು.

ಅವನು ಮೂರು ಬಣ್ಣದ ಬಟ್ಟೆ ತಂದ. ಹಳದಿ ಅಡುಗೆಮನೆಗೆ, ನೀಲಿ ಮಲ್ಲಿಯ ಕೋಣೆಗೆ, ಕೆಂಪು ಬಚ್ಚಲಿಗೆ. ಒಂದನ್ನು ಇನ್ನೊಂದು ಕಡೆ ತರಬಾರದು. ಅಕ್ಕ ಮೂರನ್ನೂ ನೀಟಾಗಿ ಮಡಿಸಿ ಕಪಾಟಿನಲ್ಲಿಟ್ಟಳು, ಹೊಸ ಬಟ್ಟೆ ಒರೆಸೋಕೆ ಹಾಳು ಮಾಡೋದು ಯಾಕೆ ಎಂದು. ಮಲ್ಲಿ ಇದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. ಪೇಂಟರ್ ನಗಲಿಲ್ಲ. ಅಕ್ಕ ಒರೆಸಿದ ಕಡೆಯೆಲ್ಲ ಮತ್ತೆ ತೊಳೆದು, ಮತ್ತೆ ಹಚ್ಚಿ, ಮತ್ತೆ ಕಾಯುವುದು ಅವನಿಗೆ ಎರಡನೆಯ ಕೆಲಸವಾಯಿತು. ಹೊರಗೆ ಗೋಡೆ ಉಜ್ಜುವಾಗಲೂ ಅವನ ಕಣ್ಣ ಮುಂದೆ ಆ ಹಳೆಯ ಬಟ್ಟೆಯೇ. ಅದರ ಒಂದೊಂದು ಎಳೆಯಲ್ಲೂ ಏನೋ ಹರಿದಾಡುತ್ತಿರುವ ಹಾಗೆ ಕಾಣುತ್ತಿತ್ತು. ಹೆಂಡತಿ ಸಾಯುತ್ತಾಳೆಂಬ ಹೆದರಿಕೆ ಅವನನ್ನು ಬಿಟ್ಟಿರಲಿಲ್ಲ. ಅದನ್ನು ಬಾಯಿಬಿಟ್ಟು ಯಾರಿಗೂ ಹೇಳದವನು, ಬಟ್ಟೆಯ ಮೇಲೆ ಸಿಟ್ಟಾಗುವುದನ್ನು ಕಲಿತ.

ಒಂದು ಮಧ್ಯಾಹ್ನ ಅವನು ಕೆಲಸ ಮುಗಿಸಿ ಬೇಗ ಬಂದ. ಕೋಣೆಯ ಬಾಗಿಲು ತೆರೆದಿತ್ತು. ಅಕ್ಕ ಮಂಚದ ತುದಿಯಲ್ಲಿ ಕೂತು ಮಲ್ಲಿಯ ಪಾದ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಮೆತ್ತಗೆ ಒತ್ತುತ್ತಿದ್ದಳು. ಔಷಧಿಯಿಂದ ಅವಳ ಪಾದ ಸದಾ ಜುಮುಗುಟ್ಟಿ ಉರಿಯುತ್ತಿತ್ತು. ಅಕ್ಕ ಒತ್ತಿದರೆ ಮಾತ್ರ ಸ್ವಲ್ಪ ನೆಮ್ಮದಿ. ಮಲ್ಲಿ ಕಣ್ಣು ಮುಚ್ಚಿದ್ದಳು. ಆಗಷ್ಟೇ ಕುಡಿದ ಗಂಜಿ ತುಟಿಯಂಚಿನಿಂದ ಸೋರಿದ್ದನ್ನು ಅಕ್ಕ ಮುಂದೆ ಬಾಗಿ ಹೆಗಲ ಮೇಲಿನ ಬಟ್ಟೆ ತೆಗೆದು ಒರೆಸಿದ್ದು ಪೇಂಟರನ ಕಣ್ಣಿಗೆ ಬಿತ್ತು. ಅವನು ಒಳಗೆ ಬಂದು ಹೆಂಡತಿಯ ಹಣೆ ಮುಟ್ಟಿದ. ಸುಡುತ್ತಿತ್ತು.

ಥರ್ಮಾಮೀಟರ್ ಇಟ್ಟು ನೋಡಿದ. ಜ್ವರ ಬಂದರೆ ಒಂದು ಗಳಿಗೆಯೂ ತಡಮಾಡದೆ ಬರಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಫೋನ್ ಮಾಡಿದ, ಗಾಡಿ ಕಳಿಸುತ್ತೇವೆ ಎಂದರು. ಫೋನ್ ಇಟ್ಟು ಅಕ್ಕನ ಕಡೆ ತಿರುಗಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಮೇಲಿತ್ತು. ಸಿಟ್ಟಿನಲ್ಲಿ ಅಂದದ್ದು ಎಂದು ಅಕ್ಕ ಮರೆಯಬಹುದಿತ್ತು. ಲೆಕ್ಕ ಹಾಕಿ ತೀರ್ಮಾನಕ್ಕೆ ಬಂದವನ ಹಾಗೆ ತಣ್ಣಗೆ ಹೇಳಿದ.

"ನಿನ್ನ ಕೈಯಿಂದಲೇ ಬಂದಿದ್ದು ಇದು."

ಅಕ್ಕ ಅರ್ಥವಾಗದೆ ಅವನನ್ನು ನೋಡಿದಳು.

"ಎಷ್ಟು ಸಲ ಹೇಳಿದೆ ನಿನಗೆ. ಆ ಹೊಲಸು ಬಟ್ಟೆ ತಂದು ಅವಳ ಬಾಯಿಗೆ ಒರೆಸ್ತೀಯ. ನಿನ್ನ ಕೈಯಿಂದಲೇ ಹತ್ತಿದ್ದು. ಇವಳಿಗೆ ಏನಾದ್ರೂ ಆದ್ರೆ ಅದಕ್ಕೆ ನೀನೇ ಕಾರಣ."

"ರೀ," ಎಂದಳು ಮಲ್ಲಿ ಹಾಸಿಗೆಯಿಂದ. "ಬೆಳಗ್ಗೆಯಿಂದಲೇ ಮೈ ಬೆಚ್ಚಗಿತ್ತು. ಮತ್ತೆ ಆಸ್ಪತ್ರೆ ಅಂತೀರ ಅಂತ ನಾನೇ ಹೇಳಲಿಲ್ಲ."

ಅವನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. "ನೀನು ಊರಿಗೆ ಹೋಗು ಅಕ್ಕ. ನಾವು ವಾಪಸ್ ಬರೋ ಹೊತ್ತಿಗೆ ನೀನಿಲ್ಲಿ ಇರಬೇಡ."

ಅಕ್ಕ ಮಲ್ಲಿಯ ಪಾದಗಳನ್ನು ತೊಡೆಯಿಂದ ಎತ್ತಿ, ಎಚ್ಚರದಿಂದ ಹಾಸಿಗೆಯ ಮೇಲಿಟ್ಟು ಎದ್ದು ನಿಂತಳು. ತನ್ನ ಅಂಗೈಗಳನ್ನು ತಾನೇ ಮೊದಲ ಸಲ ಕಂಡವಳ ಹಾಗೆ ನೋಡಿಕೊಂಡಳು. ಗಾಡಿ ಬಂತು. ಮಲ್ಲಿಯನ್ನು ಹೊರಗೆ ಒಯ್ಯುವಾಗ ಅಕ್ಕ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. ಹಾದುಹೋಗುವಾಗ ಮಲ್ಲಿ ಕೈ ಚಾಚಿದಳು. ಅಕ್ಕ ಹಿಡಿಯಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು, ನರಕ್ಕೆ ಔಷಧಿ ಏರಿಸಿದರು. ಜ್ವರ ಇಳಿದ ಹಾಗೆ ಮಾಡಿ ಮತ್ತೆ ಏರಿತು. ಮಾತಿನಮಲ್ಲಿ ಮಾತು ನಿಲ್ಲಿಸಿದಳು. ಹುಣ್ಣು ಜಾಸ್ತಿಯಾಗಿದೆ, ಅದಕ್ಕೆ ಎಂದುಕೊಂಡ ಪೇಂಟರ್. ಈಗ ಒರೆಸಲು ಏನೂ ಇರಲಿಲ್ಲ, ಅಲ್ಲಿ ಒರೆಸುವವರು ಬೇರೆ ಇದ್ದರು. ಬರಿಗೈಯಲ್ಲಿ ಕುರ್ಚಿಯ ಮೇಲೆ ಕೂತ. ಬಹಳ ಹೊತ್ತಿನ ಮೇಲೆ ಮಲ್ಲಿ ಕಣ್ಣು ಬಿಟ್ಟಳು.

"ಅವತ್ತು ಅತ್ತಿಗೆ ಮುಖ ನೋಡಿದ್ರಾ ನೀವು?"

"ಇಲ್ಲ."

"ನಾನು ನೋಡಿದೆ," ಎಂದು ಮತ್ತೆ ಕಣ್ಣು ಮುಚ್ಚಿದಳು.

ರಕ್ತ ಪರೀಕ್ಷೆಯ ಫಲಿತಾಂಶ ಬಂದ ದಿನ ಡಾಕ್ಟರಮ್ಮ ಅವನನ್ನು ಹೊರಗೆ ಕರೆದಳು. ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ರಕ್ತದಲ್ಲಿ ಸಿಕ್ಕ ಕ್ರಿಮಿ ಹೊರಗಿನಿಂದ ಬಂದದ್ದಲ್ಲ. ಎಲ್ಲರ ಕರುಳಿನಲ್ಲೂ ಇರುವಂಥದ್ದು, ಅಲ್ಲಿದ್ದರೆ ಏನೂ ತೊಂದರೆ ಕೊಡುವುದಿಲ್ಲ. ಔಷಧಿಯಿಂದ ಬಾಯಲ್ಲಿ ಹುಣ್ಣಾದ ಹಾಗೆ ಕರುಳಿನ ಒಳಪದರವೂ ಕಿತ್ತುಹೋಗಿದೆ. ಅಲ್ಲಿಂದ ದಾಟಿ ರಕ್ತಕ್ಕೆ ಸೇರಿಕೊಂಡಿದೆ. ತಡೆಯಬೇಕಾದ ಬಿಳಿ ಕಣಗಳು ಇಲ್ಲ.

ಪೇಂಟರ್ ಕೇಳಿದ, "ಯಾರಾದ್ರೂ ಮುಟ್ಟಿದ್ರಿಂದ ಬಂದಿದ್ದಲ್ವಾ?"

"ಅಲ್ಲ."

"ಒರೆಸೋ ಬಟ್ಟೆಯಿಂದ?"

"ಅಲ್ಲಪ್ಪ. ಇದು ಅವರ ಮೈಯೊಳಗಿನದೇ. ನೀವು ಮನೇಲಿ ಎಷ್ಟೇ ಶುಚಿ ಮಾಡಿದ್ರೂ ತಡೆಯೋಕೆ ಆಗ್ತಿರಲಿಲ್ಲ."

"ಹಾಗಾದ್ರೆ ನಾನು ಮಾಡಿದ್ದೆಲ್ಲ ದಂಡ."

"ದಂಡ ಅಲ್ಲ. ಬೇರೆ ಸೋಂಕು ಬಾರದ ಹಾಗೆ ನೋಡ್ಕೊಂಡ್ರಿ. ಇದು ಮಾತ್ರ ನಿಮ್ಮ ಕೈಲಿರಲಿಲ್ಲ."

ಡಾಕ್ಟರಮ್ಮ ಸಮಾಧಾನಕ್ಕೆಂದು ಆಡಿದ ಮಾತು ಅದು. ಅವನಿಗೆ ಮಾತ್ರ ಅದರಿಂದ ಸಮಾಧಾನವಾಗಲಿಲ್ಲ. ಬೇರೆಯವರ ತಪ್ಪಾಗಿದ್ದರೆ ಸಿಟ್ಟನ್ನಾದರೂ ಹಿಡಿದುಕೊಂಡು ನಿಲ್ಲಬಹುದಿತ್ತು. ಈಗ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ.

ಮೆಟ್ಟಿಲ ಬಳಿ ನಿಂತು ಅಕ್ಕನಿಗೆ ಫೋನ್ ಮಾಡಿದ. ತಪ್ಪಾಯಿತು ಎಂದ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದ. ಅಷ್ಟು ಉದ್ದದ ಮಾತನ್ನು ಅವನು ಹುಟ್ಟಿದಾಗಿನಿಂದ ಆಡಿರಲಿಲ್ಲ. ಅತ್ತ ಕಡೆ ಅಕ್ಕ ಕೇಳುತ್ತಲೇ ಇದ್ದಳು.

"ನಿನ್ನದೇನೂ ತಪ್ಪಿಲ್ಲ ಅಕ್ಕ. ಈಗಲೇ ಹೊರಟು ಬಾ. ಮಲ್ಲಿ ನಿನ್ನನ್ನೇ ಕೇಳ್ತಿದ್ದಾಳೆ."

"ಬೇಡ ಮರಿ."

"ಸಿಟ್ಟು ಮಾಡ್ಕೋಬೇಡ."

"ನಿನ್ನ ಮೇಲೆ ನನಗೆಂಥ ಸಿಟ್ಟು? ನೀನು ಸರಿಯಾಗೇ ಹೇಳಿದೆ. ನಿನಗೆ ಓದಿದೋರು ಹೇಳಿಕೊಟ್ಟಿದ್ರು. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗ ನನ್ನ ಮನಸ್ಸಿಗೆ ನೋವಾಗಬಾರದು ಅಂತ ಹೀಗೆ ಹೇಳ್ತಿದ್ದೀಯ. ಗೊತ್ತಾಗುತ್ತೆ ನನಗೆ. ನಾನು ಬಂದು, ಇರೋದರ ಮೇಲೆ ಇನ್ನೊಂದು ಹತ್ತಿದ್ರೆ?"

ಅವನು ಓಡಿಹೋಗಿ ಫೋನನ್ನು ಮಲ್ಲಿಯ ಕಿವಿಗೆ ಹಿಡಿದ. "ಅತ್ತಿಗೆ, ಬನ್ನಿ," ಎಂದಳು ಮಲ್ಲಿ. ಇಡೀ ಬಸ್ ನಿಲ್ದಾಣಕ್ಕೆ ಕೇಳುತ್ತಿದ್ದ ದನಿ ಪಕ್ಕದಲ್ಲಿ ನಿಂತವನಿಗೂ ಸರಿಯಾಗಿ ಕೇಳಲಿಲ್ಲ. "ಕಾಲು ಉರೀತಿದೆ."

"ಹುಷಾರಾಗು ಪುಟ್ಟಿ," ಎಂದಳು ಅಕ್ಕ. "ಹುಷಾರಾದ ಮೇಲೆ ಬರ್ತೀನಿ. ಎಷ್ಟು ಬೇಕಾದ್ರೂ ಒತ್ತಿಕೊಡ್ತೀನಿ."

ಪೇಂಟರ್ ತಾನೇ ಕೂತು ಪಾದ ಒತ್ತಿದ. ಗಾರೆ ಕೆರೆದು ಕೆರೆದು ಒರಟಾದ ಕೈ, ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು ತಿಳಿಯಲಿಲ್ಲ. ಮಲ್ಲಿ ನೋವಾದರೂ ಕಾಲು ಎಳೆದುಕೊಳ್ಳಲಿಲ್ಲ. ಮಾರನೆಯ ದಿನ ಬೆಳಗ್ಗೆ ರಕ್ತದೊತ್ತಡ ಕುಸಿಯಿತು. ಅವಳನ್ನು ಒಳಗಿನ ಕೋಣೆಗೆ ಒಯ್ದರು. ಅಲ್ಲಿಂದ ಅವಳು ಬರಲಿಲ್ಲ.

ಸುದ್ದಿ ಕೇಳಿ ಅಕ್ಕ ಬಂದಳು. ಜನ ತುಂಬಿದ ಮನೆಯ ಒಳಗೆ ಬರದೆ, ಬೀದಿಯ ಆಚೆ ಬದಿಯಲ್ಲಿ, ಎರಡೂ ಕೈಯನ್ನು ಹೊದ್ದ ಶಾಲಿನೊಳಗೆ ಮುಚ್ಚಿಕೊಂಡು ನಿಂತಿದ್ದಳು. ಪೇಂಟರ್ ದಾಟಿ ಹೋಗಿ, "ಒಳಗೆ ಬಾ ಅಕ್ಕ, ಮುಖ ನೋಡು," ಎಂದ.

"ಇಲ್ಲಿಂದಲೇ ನೋಡ್ತೀನಿ."

"ಇನ್ನೇನಾಗುತ್ತೆ ಅವಳಿಗೆ? ಬಾ."

ಅವನು ಶಾಲಿನೊಳಗೆ ಕೈ ಹಾಕಿ ಅವಳ ಕೈ ಹಿಡಿದ. ಬೆಂಕಿ ತಗುಲಿದವಳ ಹಾಗೆ ಅವಳು ಕೈ ಕಿತ್ತುಕೊಂಡಳು. ಹಿಡಿದ ಆ ಒಂದು ಕ್ಷಣದಲ್ಲೇ ಅವನಿಗೆ ಗೊತ್ತಾಯಿತು. ಆ ಮೆತ್ತನೆಯ ಅಂಗೈ ತೊಳೆದು ತೊಳೆದು ಸೀಳು ಬಿಟ್ಟಿತ್ತು. ಶವ ಎತ್ತುವಾಗ ಅಕ್ಕ ದೂರದಿಂದಲೇ ಹಿಂದೆ ನಡೆದು ಬಂದಳು, ಅಲ್ಲಿಂದಲೇ ಬಸ್ಸು ಹತ್ತಿ ಹೋದಳು.

ಮನೆ ಖಾಲಿಯಾಯಿತು. ಔಷಧಿ ನೀರಿನ ಬಾಟಲಿಗಳು ಬಚ್ಚಲಲ್ಲಿ ಸಾಲಾಗಿ ಹಾಗೇ ಇದ್ದವು. ಪೇಂಟರ್ ಗುಡಿಸಲಿಲ್ಲ, ಒರೆಸಲಿಲ್ಲ. ಕೆಲಸಕ್ಕೆ ಹೋದರೆ ಹೋದ, ಇಲ್ಲದಿದ್ದರೆ ಇಲ್ಲ. ಆದರೆ ಅಕ್ಕನ ಊರಿಗೆ ಮಾತ್ರ ತಪ್ಪದೆ ಹೋಗತೊಡಗಿದ. ಮೊದಲ ಸಲ ಹೋದಾಗ ಬೇಕರಿಯಲ್ಲಿ ಅವಳಿರಲಿಲ್ಲ. "ಬಿಟ್ಟುಬಿಟ್ಟಳಪ್ಪ," ಎಂದ ಬೋಳು ತಲೆಯ ಯಜಮಾನ. "ಜನ ತಿನ್ನೋ ಪದಾರ್ಥ ನಾನು ಮುಟ್ಟಲ್ಲ ಅಂದಳು. ಯಾಕೆ ಅಂದ್ರೆ ಬಾಯಿ ಬಿಡಲಿಲ್ಲ. ನಿನಗೇನಾದ್ರೂ ಗೊತ್ತಾ?"

ಮನೆಯಲ್ಲಿ ಅಕ್ಕ, "ನೀರು ನೀನೇ ಬಗ್ಗಿಸ್ಕೋ ಮರಿ," ಎಂದು ದೂರ ಕೂತಳು. ಅಡುಗೆಯನ್ನು ಪಕ್ಕದ ಮನೆಯ ಹೆಂಗಸಿಗೆ ಹೇಳಿ ಮಾಡಿಸಿದ್ದಳು. ಅವನು ಮತ್ತೆ ಎಲ್ಲವನ್ನೂ ಹೇಳಿದ. ಅವಳು ತಲೆಯಾಡಿಸಿದಳು. ಇನ್ನೊಂದು ಸಲ ಹೋದಾಗ ಡಾಕ್ಟರಮ್ಮನನ್ನೇ ಫೋನಿನಲ್ಲಿ ಹಿಡಿದು ಮಾತಾಡಿಸಿದ. ಅಕ್ಕ ಎದ್ದು ನಿಂತು, "ಹೌದಮ್ಮ, ಆಯ್ತಮ್ಮ, ಗೊತ್ತಾಯ್ತಮ್ಮ," ಎಂದಳು. ಮಾತು ಮುಗಿದ ಮೇಲೆ ಫೋನನ್ನು ಉಜ್ಜಿ ಉಜ್ಜಿ ಒರೆಸಿ, ಅವನ ಕೈಗೆ ಕೊಡದೆ ಬೆಂಚಿನ ಮೇಲಿಟ್ಟಳು.

"ಪಾಪ, ಒಳ್ಳೆಯೋರು," ಎಂದಳು. "ನೀನು ಕೇಳ್ಕೊಂಡೆ ಅಂತ ಹೇಳಿದ್ರು."

ಅವನಿಗೆ ಆಗ ಅರ್ಥವಾಯಿತು. ಜೀವಮಾನದಲ್ಲಿ ಅಕ್ಕ ಅವನ ಮಾತನ್ನು ಅನುಮಾನವಿಲ್ಲದೆ ನಂಬಿದ್ದು ಅದೊಂದು ಮಧ್ಯಾಹ್ನ. ಅದನ್ನು ಈಗ ಯಾರಿಂದಲೂ ಬಿಡಿಸಲು ಆಗುವುದಿಲ್ಲ.

ಆ ವರ್ಷದ ಚಳಿಯಲ್ಲಿ ಅವನು ಅಕ್ಕನ ಮನೆಗೆ ಹೋದವನು ಅಲ್ಲೇ ಜ್ವರ ಬಂದು ಮಲಗಿದ. ಮೈಯೆಲ್ಲ ಕೆಂಡ. ಚಿಕ್ಕಂದಿನಲ್ಲಿ ಹೀಗೆ ಜ್ವರ ಬಂದರೆ ಅಕ್ಕ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳಗಾಗುವವರೆಗೂ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದಳು. ಅವನು ಕಣ್ಣು ಬಿಟ್ಟಾಗ ಪಕ್ಕದಲ್ಲಿ ಬಟ್ಟಲು ಹಿಡಿದು ಕೂತಿದ್ದವಳು ನೆರೆಮನೆಯ ಹೆಂಗಸು. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

"ಇನ್ನೊಂದು ಸಲ ಅದ್ದಮ್ಮ," ಎನ್ನುತ್ತಿದ್ದಳು. "ಚೆನ್ನಾಗಿ ಹಿಂಡು. ಹಣೆಗಷ್ಟೇ ಅಲ್ಲ, ಕತ್ತಿಗೂ ಇಡು. ಅವನಿಗೆ ಕತ್ತಿಗೆ ಇಟ್ರೆ ಹಾಯಾಗುತ್ತೆ."

"ಅಕ್ಕ," ಎಂದ ಅವನು. "ನೀನೇ ಇಡು."

"ಮಲ್ಕೋ ಮರಿ," ಎಂದಳು ಅಕ್ಕ ಬಾಗಿಲಿನಿಂದ. "ಮಾತಾಡಿ ಆಯಾಸ ಮಾಡ್ಕೋಬೇಡ." ಮತ್ತೆ ಆ ಹೆಂಗಸಿನ ಕಡೆ ತಿರುಗಿ, ಬಟ್ಟಲಿನ ನೀರು ಬೆಚ್ಚಗಾಗಿರುತ್ತೆ, ಬದಲಾಯಿಸಮ್ಮ ಎಂದಳು.